ಕುರ್ಚಿಯಿಂದ ಎದ್ದರೆ ಪರದೆ ಕಪ್ಪು: ಒಂದು ಮಾನಿಟರ್, ನಾಲ್ಕು ಕೇಬಲ್

ಮಾನಿಟರಿಗೆ ಕೇಬಲ್ ಆರಿಸೋದು ಐದು ನಿಮಿಷದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಈ ಪ್ರಕರಣದಲ್ಲಿ ಅದಕ್ಕೆ ಮೂರು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ನಾವು ಹುಡುಕಿದ್ದೇ ತಪ್ಪು ಜಾಗದಲ್ಲಿ, ಅದಕ್ಕೆ ಅರ್ಧ ಕಾರಣ ನಾನೇ. ಹಾಗಾಗಿ ಸರಿಹೋದ ಭಾಗಕ್ಕಿಂತ ಎಡವಿದ ಭಾಗವನ್ನೇ ಜಾಸ್ತಿ ಬರೆದಿದ್ದೇನೆ.

ಹಿನ್ನೆಲೆ

ಮಾನಿಟರಿನ ಯಜಮಾನನ ಹೆಸರು ಇಲ್ಲಿ ಬೇಡ, ಗೆಳೆಯ ಅಂತಲೇ ಕರೆಯುತ್ತೇನೆ. ಹಗಲೆಲ್ಲ ಮನೆಯಲ್ಲೇ ಕೂತು ಲೆಕ್ಕದ ಕೆಲಸ, ಅಂದರೆ ಸಾಲು ಸಾಲು ಸ್ಪ್ರೆಡ್‌ಶೀಟ್. ರಾತ್ರಿ ಗೇಮ್. ಎರಡಕ್ಕೂ ಅದೇ ಮೇಜು, ಅದೇ ಕಂಪ್ಯೂಟರ್. ತುಂಬ ವರ್ಷ 24 ಇಂಚಿನ ಸಾದಾ ಮಾನಿಟರಿನಲ್ಲೇ ಕಾಲ ಹಾಕಿದ್ದ. 1920×1080, ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ, 60 ಹರ್ಟ್ಜ್. ಕೊನೆಗೂ ಮನಸ್ಸು ಮಾಡಿ 27 ಇಂಚಿನದ್ದು ತಂದ. ಅದು 2560×1440, 144 ಹರ್ಟ್ಜ್. ಹರ್ಟ್ಜ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬಿಡಿಸುತ್ತೆ ಅನ್ನೋ ಲೆಕ್ಕ. 60ರಿಂದ 144ಕ್ಕೆ ಹೋದರೆ ಗೇಮ್ ಇರಲಿ, ಮೌಸ್ ಬಾಣ ಓಡಾಡೋದರಲ್ಲೇ ವ್ಯತ್ಯಾಸ ಕಾಣುತ್ತೆ.

ಡಬ್ಬ ಬಿಚ್ಚಿದ ದಿನ ಆತ ಒಂದು ಸಣ್ಣ ತೀರ್ಮಾನ ಮಾಡಿದ. ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯೋಕೆ ಹೆಚ್ಚು ಬಳಕೆಯಲ್ಲಿರೋದು ಎರಡು ಬಗೆಯ ಕೇಬಲ್, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್. ಡಬ್ಬದಲ್ಲಿ ಮಾನಿಟರಿನ ಜೊತೆ ಒಂದೂವರೆ ಮೀಟರಿನ ಡಿಸ್‌ಪ್ಲೇಪೋರ್ಟ್ ಕೇಬಲ್ ಬಂದಿತ್ತು. ಅದರ ಪ್ಲಾಸ್ಟಿಕ್ ಚೀಲವನ್ನೂ ಆತ ಹರಿಯಲಿಲ್ಲ. ಸಿಪಿಯು ಡಬ್ಬ ಇರೋದು ಮೇಜಿನ ಎಡಗಡೆ ಕೆಳಗೆ. ಮಾನಿಟರ್ ಇರೋದು ಬಲಗಡೆ, ಆರ್ಮ್ ಮೇಲೆ, ಅಂದರೆ ಬೇಕಾದ ಹಾಗೆ ಚಾಚಿ ತಿರುಗಿಸೋ ತೋಳಿನಂಥ ಸ್ಟ್ಯಾಂಡ್ ಮೇಲೆ. ಒಂದೂವರೆ ಮೀಟರ್ ಅಲ್ಲಿಗೆ ಎಟಕೋದಿಲ್ಲ. ಹಳೇ ಎಚ್‌ಡಿಎಂಐ ಕೇಬಲ್ ಹೇಗೂ ಇತ್ತು, ಐದು ಮೀಟರಿನದ್ದು. ಮೇಜಿನ ತಳಕ್ಕೆ ಒಂದು ಟ್ರೇ ಹೊಡೆದು, ಅದರೊಳಗೆ ಓಡಿಸಿ, ಗೇಣಿಗೊಂದರಂತೆ ಜಿಪ್ ಟೈ ಬಿಗಿದು ಕೂರಿಸಿದ್ದ. ಒಂದು ವೈರೂ ಹೊರಗೆ ಕಾಣದ ಮೇಜು. ಆ ಸೊಗಸನ್ನು ಕೆಡಿಸೋಕೆ ಮನಸ್ಸಾಗಲಿಲ್ಲ. ಹಳೇ ಕೇಬಲಿನ ತುದಿಯನ್ನೇ ಹೊಸ ಮಾನಿಟರಿಗೆ ಚುಚ್ಚಿದ, ಚಿತ್ರ ಬಂತು, ಕೆಲಸ ಮುಗಿಯಿತು.

ಮೊದಲ ದೂರು

ನಾಲ್ಕನೇ ದಿನ ಫೋನ್. "ಇದು 144 ಅಲ್ಲ ಕಣೋ, ಟೋಪಿ ಹಾಕಿದ್ದಾರೆ." ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಒಂದು ಪುಟ ಇದೆ. ರಿಫ್ರೆಶ್ ರೇಟ್, ಅಂದರೆ ಈ ಹರ್ಟ್ಜ್, ಆರಿಸೋ ಪಟ್ಟಿ ಅಲ್ಲಿರುತ್ತೆ. ಅದರಲ್ಲಿ 60ಕ್ಕಿಂತ ಮೇಲೆ ಏನೂ ಇಲ್ಲ ಅಂದ. ಮಾನಿಟರ್ ವಾಪಸ್ ಮಾಡೋ ಅರ್ಜಿಯನ್ನು ಅರ್ಧ ತುಂಬಿಸಿಯೂ ಇದ್ದ.

ನಾನು ಕೇಬಲ್ ಬಗ್ಗೆ ಮಾತೇ ಎತ್ತಲಿಲ್ಲ. ಸಿಪಿಯು ಡಬ್ಬದ ಹಿಂಭಾಗದ ಫೋಟೋ ಕಳಿಸು ಅಂದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಬಹುಶಃ ಇದೊಂದೇ.

ಫೋಟೋದಲ್ಲಿ ಎಲ್ಲ ಕಾಣುತ್ತಿತ್ತು. ಮೇಲ್ಗಡೆ ಯುಎಸ್‌ಬಿ ಪೋರ್ಟುಗಳ ಪಕ್ಕದಲ್ಲೇ, ಧೂಳಿನ ಮಧ್ಯೆ, ಎಚ್‌ಡಿಎಂಐ ಕೇಬಲ್ ಕೂತಿತ್ತು. ಅದು ಮದರ್‌ಬೋರ್ಡಿನ ಪೋರ್ಟ್. ಮದರ್‌ಬೋರ್ಡ್ ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡ್. ಆ ಪೋರ್ಟಿನ ಒಂದು ಗೇಣು ಕೆಳಗೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರ ತಯಾರಿಸೋಕೆಂದೇ ಇರೋ ಬೇರೆ ಬೋರ್ಡ್, ಅಡ್ಡಲಾಗಿ ಮಲಗಿತ್ತು. ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. ನಾಲ್ಕಕ್ಕೂ ಕಂಪನಿಯಿಂದ ಬಂದ ಕಪ್ಪು ರಬ್ಬರ್ ಮುಚ್ಚಳ ಹಾಗೇ ಇತ್ತು! ಎರಡು ವರ್ಷದ ಹಿಂದೆ ಕಾರ್ಡ್ ಹಾಕಿಸಿದ್ದ. ಹಾಕಿದವರು ಕೇಬಲನ್ನು ಕೆಳಗಿನ ಪೋರ್ಟಿಗೆ ಬದಲಿಸಲಿಲ್ಲ, ಇವನೂ ನೋಡಲಿಲ್ಲ. ಗೇಮ್ ಓಡುತ್ತಿತ್ತಲ್ಲ? ವಿಂಡೋಸ್ ಕಾರ್ಡಿನಲ್ಲಿ ಚಿತ್ರ ತಯಾರಿಸಿ, ಅದನ್ನು ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸಿಗೆ ದಾಟಿಸಿ, ಮದರ್‌ಬೋರ್ಡಿನ ಪೋರ್ಟಿನಿಂದ ಹೊರಗೆ ಕಳಿಸುತ್ತಿತ್ತು. ಸುತ್ತಿ ಬಳಸಿ ಹೋದರೂ ಊಟ ಬಾಯಿಗೇ ಬಂದು ಸೇರುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ.

ಆ ಮದರ್‌ಬೋರ್ಡಿನ ಎಚ್‌ಡಿಎಂಐ 1.4 ಅನ್ನೋ ಹಳೇ ಆವೃತ್ತಿಯ ಕಾಲದ್ದು. ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. 2560×1440 ಅಂದರೆ 36,86,400 ಚುಕ್ಕೆಗಳು. ಒಂದೊಂದಕ್ಕೂ 24 ಬಿಟ್ ಬಣ್ಣ. ಇದನ್ನು ಸೆಕೆಂಡಿಗೆ 144 ಸಲ ಕಳಿಸಬೇಕು ಅಂದರೆ ಬರೀ ಚಿತ್ರಕ್ಕೇ ಸೆಕೆಂಡಿಗೆ 12.7 ಗಿಗಾಬಿಟ್ ಬೇಕು (ಒಂದು ಗಿಗಾಬಿಟ್ ಅಂದರೆ ನೂರು ಕೋಟಿ ಬಿಟ್). ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಖಾಲಿ ಸಮಯ ಇದೆ, ಜೊತೆಗೆ ಪ್ರತಿ 8 ಬಿಟ್ಟನ್ನು 10 ಮಾಡಿ ಕಳಿಸೋ ಪದ್ಧತಿ ಇದೆ, ಎಲ್ಲ ಸೇರಿ ಎಚ್‌ಡಿಎಂಐ ತಂತಿಯ ಮೇಲೆ ಅದು ಸುಮಾರು 17.6 ಗಿಗಾಬಿಟ್ ಆಗುತ್ತೆ. 2009ರಲ್ಲಿ ಬಂದ 1.4ರ ಮಿತಿ 10.2. 2013ರಲ್ಲಿ ಬಂದ 2.0ರ ಮಿತಿ 18. ಅದೇ ಚಿತ್ರ 60 ಹರ್ಟ್ಜ್‌ಗೆ ಇಳಿದರೆ 7.2 ಗಿಗಾಬಿಟ್ ಸಾಕು. ಅಂದರೆ ಆ ಪೋರ್ಟಿನಿಂದ 60 ಆರಾಮಾಗಿ ಬರುತ್ತೆ, 144 ಬರೋದು ಸಾಧ್ಯವೇ ಇಲ್ಲ. ಮಾನಿಟರಿನದ್ದು ಏನೂ ತಪ್ಪಿರಲಿಲ್ಲ.

ವಾಪಸ್ ಅರ್ಜಿ ರದ್ದಾಯಿತು. ಕೇಬಲನ್ನು ಕಿತ್ತು, ಕಾರ್ಡಿನ ಎಚ್‌ಡಿಎಂಐ ಮುಚ್ಚಳ ತೆಗೆದು, ಅಲ್ಲಿಗೆ ಚುಚ್ಚು ಅಂದೆ.

ಪಟ್ಟಿಯಲ್ಲಿ ಬಂತು, ಪರದೆಯಲ್ಲಿ ಬರಲಿಲ್ಲ

ಈಗ ಪಟ್ಟಿಯಲ್ಲಿ 144 ಕಾಣಿಸಿತು. ಗೆಳೆಯ ಖುಷಿಯಿಂದ ಅದನ್ನು ಒತ್ತಿದ. ಪರದೆ ಕಪ್ಪಾಯಿತು. 'ಸಿಗ್ನಲ್ ಇಲ್ಲ' ಅನ್ನೋ ಪುಟ್ಟ ಚೌಕ ತೇಲಿ ಬಂತು. ಹದಿನೈದು ಸೆಕೆಂಡ್ ಉತ್ತರ ಸಿಗದಿದ್ದರೆ ವಿಂಡೋಸ್ ತಾನೇ ಹಳೇ ಸೆಟ್ಟಿಂಗಿಗೆ ಮರಳುತ್ತೆ. ಹಾಗೆ 60ಕ್ಕೆ ಮರಳಿತು. 120 ಒತ್ತಿದಾಗ ಚಿತ್ರವೇನೋ ಬಂತು, ಆದರೆ ಮೇಲೆಲ್ಲ ಸಾಸಿವೆ ಸಿಡಿದ ಹಾಗೆ ಬಿಳಿ, ಗುಲಾಬಿ ಚುಕ್ಕೆಗಳು. ಕಡುಬಣ್ಣದ ಜಾಗದಲ್ಲಿ ಜಾಸ್ತಿ. ನಡುನಡುವೆ ಪರದೆ ಒಮ್ಮೆ ಆರಿ ಮತ್ತೆ ಹತ್ತುತ್ತಿತ್ತು.

"ಪಟ್ಟಿಯಲ್ಲಿ ತೋರಿಸುತ್ತೆ, ಕೊಡಲ್ಲ ಅಂದರೆ ಏನರ್ಥ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಈ ಪ್ರಕರಣದಲ್ಲಿ ನನಗೆ ಅತಿ ಉಪಯೋಗವಾದ ತಿಳಿವಳಿಕೆಯೂ ಇದರಿಂದಲೇ ಬಂದದ್ದು.

ಎಚ್‌ಡಿಎಂಐ 2.0ವರೆಗಿನ ವ್ಯವಸ್ಥೆಯಲ್ಲಿ ಸಾಮಾನ್ಯ ಕೇಬಲ್ ತನ್ನ ಬಗ್ಗೆ ಏನನ್ನೂ ಹೇಳಿಕೊಳ್ಳೋದಿಲ್ಲ. ಮಾನಿಟರಿನಲ್ಲಿ ಇಡಿಐಡಿ ಅನ್ನೋ ಒಂದು ಸಣ್ಣ ಮಾಹಿತಿಯ ತುಣುಕು ಇರುತ್ತೆ, ನನಗೆ ಇಷ್ಟಿಷ್ಟು ರೆಸಲ್ಯೂಶನ್, ಇಷ್ಟಿಷ್ಟು ಹರ್ಟ್ಜ್ ಬರುತ್ತೆ ಅಂತ. ಕಾರ್ಡ್ ಅದನ್ನು ಓದಿ, ತನ್ನ ಕೈಲಾಗೋದನ್ನು ಹೊಂದಿಸಿ, ಪಟ್ಟಿ ಮಾಡುತ್ತೆ. ನಡುವಿನ ತಂತಿಗೆ ತಾಕತ್ತಿದೆಯಾ ಅಂತ ಯಾರೂ ಕೇಳೋದಿಲ್ಲ. ಗಂಡು ಹೆಣ್ಣಿನ ಮನೆಯವರು ಒಪ್ಪಿಕೊಂಡು, ದಿಬ್ಬಣ ಹೊರಡೋ ಬಸ್ಸನ್ನು ಯಾರೂ ನೋಡದೇ ಇದ್ದ ಹಾಗೆ. ಆದ್ದರಿಂದ ಎಚ್‌ಡಿಎಂಐನಲ್ಲಿ ಬೇಕಾದ ಸಂಖ್ಯೆ ಪಟ್ಟಿಯಲ್ಲೇ ಇಲ್ಲ ಅಂದರೆ ಪೋರ್ಟ್, ಡ್ರೈವರ್ (ಕಾರ್ಡನ್ನು ನಡೆಸೋ ಸಾಫ್ಟ್‌ವೇರ್), ಮಾನಿಟರಿನ ಮೆನು, ಇವುಗಳ ಕಡೆ ನೋಡಬೇಕು. ಸಂಖ್ಯೆ ಪಟ್ಟಿಯಲ್ಲಿದ್ದು, ಒತ್ತಿದಾಗ ಚಿತ್ರ ಹೋಗುತ್ತೆ ಅಥವಾ ಚುಕ್ಕೆ ಸಿಡಿಯುತ್ತೆ ಅಂದರೆ ಮೊದಲ ಅನುಮಾನ ಕೇಬಲಿನ ಮೇಲೆ.

ಗೆಳೆಯ ಮೇಜಿನ ಕೆಳಗೆ ಮಲಗಿ ಮೊಬೈಲ್ ಟಾರ್ಚ್ ಬಿಟ್ಟು ಕೇಬಲಿನ ಮೈಮೇಲಿನ ಅಕ್ಷರ ಓದಿದ. ಅರ್ಧ ಅಳಿಸಿಹೋಗಿತ್ತು. ಓದೋಕೆ ಸಿಕ್ಕಿದ್ದು 'ಹೈ ಸ್ಪೀಡ್' ಅಂತ ಮಾತ್ರ. ಕೇಳೋಕೆ ದೊಡ್ಡ ಹೆಸರು, ಆದರೆ ಎಚ್‌ಡಿಎಂಐ ಲೋಕದಲ್ಲಿ ಅದು ಕೆಳಗಿನಿಂದ ಎರಡನೇ ಮೆಟ್ಟಿಲು. ಮೊದಲು ಸ್ಟ್ಯಾಂಡರ್ಡ್. ಆಮೇಲೆ ಹೈ ಸ್ಪೀಡ್, ಇದನ್ನು ಪರೀಕ್ಷಿಸೋದು 10.2 ಗಿಗಾಬಿಟ್‌ಗೆ. ಅದರ ಮೇಲೆ ಪ್ರೀಮಿಯಂ ಹೈ ಸ್ಪೀಡ್, 18 ಗಿಗಾಬಿಟ್‌ಗೆ. ಅದಕ್ಕೂ ಮೇಲೆ ಅಲ್ಟ್ರಾ ಹೈ ಸ್ಪೀಡ್, 48 ಗಿಗಾಬಿಟ್‌ಗೆ. ಇದು 2017ರ ಎಚ್‌ಡಿಎಂಐ 2.1ಕ್ಕೆಂದು ಬಂದದ್ದು. ಕೇಬಲಿಗೆ ಅಧಿಕೃತವಾಗಿ ಇರೋದು ಈ ವೇಗದ ಹೆಸರುಗಳು. 'ಎಚ್‌ಡಿಎಂಐ 2.1 ಕೇಬಲ್' ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದು ಈ ಹೆಸರನ್ನೇ ಬಿಟ್ಟಿದ್ದರೆ ನಾನಂತೂ ಮುಟ್ಟೋದಿಲ್ಲ. ಪ್ರಮಾಣೀಕರಿಸಿದ ಪ್ರೀಮಿಯಂ, ಅಲ್ಟ್ರಾ ಕೇಬಲ್‌ಗಳ ಪ್ಯಾಕೆಟ್ ಮೇಲೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬಹುದಾದ ಚೀಟಿ ಇರುತ್ತೆ, ಅದನ್ನು ನೋಡಿಕೊಂಡರೆ ಸಾಕು.

ಹೈ ಸ್ಪೀಡ್ ಕೇಬಲ್ ಚಿಕ್ಕದಾಗಿದ್ದರೆ ಎಷ್ಟೋ ಸಲ 18 ಗಿಗಾಬಿಟ್ಟನ್ನೂ ಹೇಗೋ ದಾಟಿಸುತ್ತೆ. ಐದು ಮೀಟರ್ ಉದ್ದ, ಅದೂ ಹಳೆಯದ್ದು, ಅದೂ ಮೂಲೆ ಮೂಲೆಯಲ್ಲಿ ಜಿಪ್ ಟೈಯಿಂದ ಹಿಂಡಿ ಮಡಚಿದ್ದು. ಅದರಿಂದ ಅಷ್ಟು ಕೇಳೋದು ಅನ್ಯಾಯ.

ನಡುವೆ ಗೆಳೆಯ ಕೇಳಿದ, ಚಿನ್ನದ ಲೇಪನದ ಕೇಬಲ್ ಹಾಕಿದರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತಾ ಅಂತ. ಬರೋದಿಲ್ಲ. 1987ರ ವಿಜಿಎ ಕಾಲದಲ್ಲಿ ಸಿಗ್ನಲ್ ಅನಲಾಗ್ ಆಗಿತ್ತು. ಕೇಬಲ್ ಕಳಪೆಯಾದರೆ ಅಕ್ಷರದ ಪಕ್ಕ ನೆರಳು ಬೀಳುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಡಿಜಿಟಲ್ ಕೇಬಲ್ ಸೋತರೆ ಹಾಗೆ ಮೆಲ್ಲಗೆ ಮಂಕಾಗೋದಿಲ್ಲ. ಚುಕ್ಕೆ ಸಿಡಿಯುತ್ತೆ, ಪರದೆ ಆರುತ್ತೆ, ಇಲ್ಲವೇ ಏನೂ ಬರೋದಿಲ್ಲ. ಚಿನ್ನದ ಲೇಪನದಿಂದ ತುದಿ ತುಕ್ಕು ಹಿಡಿಯದೇ ಇರುತ್ತೆ, ಅಷ್ಟೇ.

ನನ್ನ ತಪ್ಪು

ಇಲ್ಲಿ ನಮ್ಮ ಮುಂದೆ ಎರಡು ದಾರಿ ಇತ್ತು. ಪ್ರೀಮಿಯಂ ಎಚ್‌ಡಿಎಂಐ ಕೇಬಲ್ ತಗೊಳ್ಳೋದು ಅಥವಾ ಡಿಸ್‌ಪ್ಲೇಪೋರ್ಟಿಗೆ ಹೋಗೋದು. ಎಚ್‌ಡಿಎಂಐ 2.0ರಲ್ಲಿ 18ಕ್ಕೆ 17.6 ತುಂಬಿಸಬೇಕು, ಅಂದರೆ ಬಿಂದಿಗೆ ಕಂಠದವರೆಗೆ ತುಂಬಿ ಹೊತ್ತ ಹಾಗೆ. ಮೂರು ಮೂಲ ಬಣ್ಣಕ್ಕೂ ಎಂಟೆಂಟರ ಬದಲು ಹತ್ತತ್ತು ಬಿಟ್ ಬೇಕು ಅಂದರೆ ಜಾಗವೇ ಇಲ್ಲ. ಡಿಸ್‌ಪ್ಲೇಪೋರ್ಟಿನಲ್ಲಿ 2010ರ 1.2ರಲ್ಲೇ 21.6 ಗಿಗಾಬಿಟ್ ಇದೆ, 2016ರ 1.4ರಲ್ಲಿ 32.4. ಕಾರ್ಡಿನಲ್ಲೂ ಮಾನಿಟರಿನಲ್ಲೂ 1.4 ಇತ್ತು. ಲೆಕ್ಕದ ಪ್ರಕಾರ ಡಿಸ್‌ಪ್ಲೇಪೋರ್ಟೇ ಸರಿ. ಈ ತೀರ್ಮಾನದಲ್ಲಿ ತಪ್ಪಿರಲಿಲ್ಲ.

ಆತ ಇನ್ನೊಂದು ಕೇಳಿದ. ಎಚ್‌ಡಿಎಂಐ ತುದಿ ಒಂದು ಕಡೆ, ಡಿಸ್‌ಪ್ಲೇಪೋರ್ಟ್ ತುದಿ ಇನ್ನೊಂದು ಕಡೆ ಇರೋ ಕೇಬಲ್ ಸಿಗುತ್ತಲ್ಲ, ಅದನ್ನು ಹಾಕಿದರೆ ಹೇಗೆ? ಅದು ಬೇಡ ಅಂತ ತಡೆದೆ. ಅಂಥ ಕೇಬಲ್ ಹೆಚ್ಚಿನವು ಒಂದೇ ದಿಕ್ಕಿನವು. ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಆದರೆ ಕೆಲಸ ಮಾಡುತ್ತವೆ. ತಿರುಗಿಸಿ ಹಾಕಿದರೆ ಸುಮ್ನೆ ತಂತಿ. ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗೋಕೆ ಒಳಗೆ ಚಿಪ್ ಇರೋ, ಕರೆಂಟ್ ಕೊಡಬೇಕಾದ ಬೇರೆಯೇ ಸಾಧನ ಬೇಕು.

ಇಷ್ಟೆಲ್ಲ ಹೇಳಿದವನು ಕೊನೆಗೆ ಫೋನಿನಲ್ಲಿ ಹೇಳಿದ್ದು ಒಂದೇ ವಾಕ್ಯ: "ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ ತಗೋ, ಮುಗೀತು." ಉದ್ದ ಎಷ್ಟು ಅಂತ ನಾನು ಹೇಳಲಿಲ್ಲ. ಡಬ್ಬದಲ್ಲಿ ಒಂದು ಕೇಬಲ್ ಬಂದಿದೆಯಾ ಅಂತಲೂ ಕೇಳಲಿಲ್ಲ. ಆತ ಹಳೆಯದರ ಅಳತೆಗೇ ಐದು ಮೀಟರಿನದ್ದು ತರಿಸಿದ. ಹೊರಗೆ ನೂಲು ಹೆಣೆದ ದಪ್ಪ ಕೇಬಲ್, ಪ್ಯಾಕೆಟ್ ಮೇಲೆ '8ಕೆ' ಅಂತ ಹೊಳೆಯೋ ಅಕ್ಷರ. ಪ್ರಮಾಣೀಕರಿಸಿದ ಗುರುತು ಎಲ್ಲೂ ಇಲ್ಲ.

ಚುಚ್ಚಿದ, 144 ಬಂತು. ಮೆಸೇಜಿನಲ್ಲಿ ಮೂರು ಸಾಲು ಚಪ್ಪಾಳೆ.

ಕುರ್ಚಿ

ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಹೊಸ ದೂರು: ಆಗಾಗ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತೆ. ಯಾವಾಗ ಅಂತ ಗೊತ್ತಿಲ್ಲ. ಗೇಮ್ ಆಡುವಾಗ ಆಗಲ್ಲ, ಸ್ಪ್ರೆಡ್‌ಶೀಟ್ ಮಾಡುವಾಗ ಆಗುತ್ತೆ. ಜೊತೆಗೆ ಇನ್ನೊಂದು ವಿಚಿತ್ರ. ಕಂಪ್ಯೂಟರ್ ಶಟ್‌ಡೌನ್ ಮಾಡಿದ ಮೇಲೂ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ದೀಪ ಮಿಣಮಿಣ ಅನ್ನುತ್ತೆ.

ಗೇಮ್ ಆಡುವಾಗ ಕಾರ್ಡ್ ಬೆವರು ಸುರಿಸುತ್ತೆ, ಆಗ ಆಗೋದಿಲ್ಲ, ಸುಮ್ಮನಿರುವಾಗ ಆಗುತ್ತೆ. ಇದನ್ನು ಕೇಳಿದ ಕೂಡಲೇ ನಾನು ಡ್ರೈವರ್ ಕಡೆ ಹೋದೆ. ಕಾರ್ಡ್ ವಿಶ್ರಾಂತಿಗೆ ಇಳಿಯುವಾಗ ಏನೋ ಎಡವುತ್ತಿದೆ ಅಂತ ಒಂದು ಕತೆ ಕಟ್ಟಿಕೊಂಡೆ. ಒಂದು ಸಂಜೆ ಪೂರ್ತಿ ಡ್ರೈವರ್ ತೆಗೆದು ಹಾಕಿದ್ದಾಯಿತು, ಹಳೇ ಆವೃತ್ತಿ ಹಾಕಿದ್ದಾಯಿತು, ಪವರ್ ಸೆಟ್ಟಿಂಗ್ಸ್ ಬದಲಿಸಿದ್ದಾಯಿತು. ಯಾವುದರಿಂದಲೂ ಪ್ರಯೋಜನ ಆಗಲಿಲ್ಲ.

ಸುಳಿವು ಸಿಕ್ಕಿದ್ದು ಅವನ ಹೆಂಡತಿಯಿಂದ. "ನೀವು ಎದ್ದಾಗೆಲ್ಲ ಆಗತ್ತೆ ರೀ, ನಾನು ನೋಡಿದೀನಿ" ಅಂದರಂತೆ. ಗೆಳೆಯ ನಕ್ಕು ನನಗೆ ಹೇಳಿದ. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಗೇಮ್ ಆಡುವಾಗ ಈತ ಎರಡು ಗಂಟೆ ಅಲ್ಲಾಡೋದಿಲ್ಲ. ಕೆಲಸದ ಹೊತ್ತಿನಲ್ಲಿ ಫೋನ್ ಬಂತು, ಕಾಗದ ಬೇಕಿತ್ತು, ಬಾಗಿಲು ತಟ್ಟಿದರು ಅಂತ ಹತ್ತು ಸಲ ಏಳುತ್ತಾನೆ.

ಅವನದ್ದು ಗ್ಯಾಸ್ ಸಿಲಿಂಡರಿನ ಮೇಲೆ ಏರಿಳಿಯೋ ಆಫೀಸ್ ಕುರ್ಚಿ. ಇಂಥ ಕುರ್ಚಿಯಿಂದ ಏಳುವಾಗ, ಕೂರುವಾಗ ಸ್ಟ್ಯಾಟಿಕ್ ವಿದ್ಯುತ್ ಚಟ್ಟನೆ ಹರಿದು ಸುತ್ತಲಿನ ತಂತಿಗಳಿಗೆ ಒಂದು ಗಳಿಗೆಯ ಗದ್ದಲ ತಾಗಿಸೋದು ಗೊತ್ತಿರೋ ವಿಷಯವೇ, ಕೆಲವು ಸಾಧನಗಳ ತಯಾರಕರು ತಮ್ಮ ಸಹಾಯ ಪುಟಗಳಲ್ಲೇ ಇದನ್ನು ಬರೆದಿದ್ದಾರೆ. ಉದ್ದ ಜಾಸ್ತಿಯಾಗಿ, ಒಳಗಿನ ಲೋಹದ ಹೊದಿಕೆ ತೆಳುವಾದ ಕೇಬಲ್ ಆಂಟೆನಾ ಥರ ಆ ಗದ್ದಲವನ್ನು ಹಿಡಿದುಕೊಳ್ಳುತ್ತೆ. ಸಿಗ್ನಲ್ ತಾಳ ತಪ್ಪುತ್ತೆ. ಮಾನಿಟರ್ ಮತ್ತು ಕಾರ್ಡ್ ಮತ್ತೆ ಮೊದಲಿನಿಂದ ಮಾತಾಡಿಕೊಳ್ಳಬೇಕು. ಆ ಎರಡು ಸೆಕೆಂಡೇ ಪರದೆಯ ಕತ್ತಲು.

ನಂಬಿದೆವು ಅಂತಲ್ಲ, ಪರೀಕ್ಷೆ ಮಾಡಿದೆವು. ಈ ಸಲ ಒಂದೊಂದೇ ಬದಲಾವಣೆ. ನಾನೇ ಅವನ ಮನೆಗೆ ಹೋಗಿ ಕಾಗದ ಪೆನ್ನು ಹಿಡಿದು ಕೂತೆ. ಮೊದಲು ಅದೇ ಕುರ್ಚಿ, ಅದೇ ಕೇಬಲ್. ಹತ್ತು ಸಲ ಎದ್ದು ಕೂತ, ನಾಲ್ಕು ಸಲ ಕಪ್ಪಾಯಿತು. ನಂತರ ಮರದ ಕುರ್ಚಿ, ಅದೇ ಕೇಬಲ್. ಹತ್ತಕ್ಕೆ ಸೊನ್ನೆ. ಗೆಳೆಯ ಅಷ್ಟಕ್ಕೇ ಕುರ್ಚಿ ಬದಲಿಸೋ ಮಾತಾಡತೊಡಗಿದ. ತಾಳು ಅಂದೆ. ಆಗ ಕೇಳಿದೆ, ಎರಡು ವಾರದ ಹಿಂದೆ ಕೇಳಬೇಕಿದ್ದ ಪ್ರಶ್ನೆ: "ಮಾನಿಟರ್ ಜೊತೆ ಕೇಬಲ್ ಏನಾದ್ರೂ ಬಂದಿತ್ತೇನೋ?"

ಬೀರುವಿನ ಮೇಲಿಂದ ಡಬ್ಬ ಇಳಿಯಿತು. ಒಂದೂವರೆ ಮೀಟರಿನ ಕೇಬಲ್, ಚೀಲ ಹರಿಯದ್ದು. ಐದು ಮೀಟರಿನದ್ದನ್ನು ಬಿಡಿಸುವಾಗ ಗೆಳೆಯ ಜೋರಾಗಿ ಎಳೆಯೋಕೆ ಹೋದ, ಕೈ ಹಿಡಿದುಕೊಂಡೆ. ಹೆಚ್ಚಿನ ಡಿಸ್‌ಪ್ಲೇಪೋರ್ಟ್ ಪ್ಲಗ್ಗಿನ ಮೇಲೆ ಒಂದು ಗುಂಡಿ ಇರುತ್ತೆ. ಅದನ್ನು ಒತ್ತಿದರೆ ಒಳಗಿನ ಎರಡು ಕೊಕ್ಕೆ ಬಿಡುತ್ತವೆ. ಒತ್ತದೆ ಎಳೆದರೆ ಕಾರ್ಡಿನ ಪೋರ್ಟೇ ಕಿತ್ತು ಬರಬಹುದು. ಮಾನಿಟರನ್ನು ಆರ್ಮಿನಿಂದ ಇಳಿಸಿ, ನೆಲದ ಮೇಲೆ ಸಿಪಿಯು ಡಬ್ಬದ ಪಕ್ಕ ಒರಗಿಸಿ, ಚಿಕ್ಕ ಕೇಬಲ್ ಹಾಕಿದೆವು. ಮತ್ತೆ ಅದೇ ಗ್ಯಾಸ್ ಕುರ್ಚಿ. ಹತ್ತು ಸಲ. ಇಪ್ಪತ್ತು ಸಲ. ಸೊನ್ನೆ. ಮೂವತ್ತನೇ ಸಲಕ್ಕೆ "ಮಂಡಿ ನೋಯ್ತಿದೆ, ಸಾಕು ಮಾಡೋ" ಅಂದ.

ಕಾರ್ಡಿನ ದೀಪವೂ ಆ ರಾತ್ರಿ ಆರಿತು. ಅದರ ಹಿಂದಿನ ಕಾರಣ ಬೇರೆ. ಡಿಸ್‌ಪ್ಲೇಪೋರ್ಟಿನಲ್ಲಿ 20 ಪಿನ್ ಇವೆ. 20ನೆಯದು ಕರೆಂಟಿನದ್ದು, ಅಡಾಪ್ಟರಿನಂಥ ಸಣ್ಣ ಸಾಧನಗಳಿಗೆ ಅಂತ ಇಟ್ಟದ್ದು. ಕಂಪ್ಯೂಟರಿನಿಂದ ಮಾನಿಟರಿಗೆ ಹೋಗೋ ಸಾಮಾನ್ಯ ಕೇಬಲಿನಲ್ಲಿ ಈ ಪಿನ್ನನ್ನು ಎರಡೂ ತುದಿಗೆ ಸೇರಿಸಬಾರದು ಅನ್ನೋದು ನಿಯಮ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಸೇರಿಸಿಬಿಟ್ಟಿರುತ್ತಾರೆ. ಆಗ ಆನ್ ಇರೋ ಮಾನಿಟರಿನಿಂದ ಆಫ್ ಆದ ಕಂಪ್ಯೂಟರಿಗೆ ಕರೆಂಟ್ ಹಿಂದಕ್ಕೆ ಹರಿಯುತ್ತೆ. ಕೆಲವರಿಗೆ ಕಂಪ್ಯೂಟರ್ ಸರಿಯಾಗಿ ಬೂಟ್ ಆಗೋದಿಲ್ಲ, ಇವನಿಗೆ ದೀಪ ಮಿಣುಕಿತು. ಆ ಐದು ಮೀಟರಿನ ಡಿಸ್‌ಪ್ಲೇಪೋರ್ಟ್ ಕೇಬಲನ್ನೇ ಮತ್ತೆ ಹಾಕಿ ನೋಡಿದೆವು, ದೀಪ ಬಂತು. ಮಾನಿಟರಿನ ಪವರ್ ಪ್ಲಗ್ ಕಿತ್ತೆವು, ದೀಪ ಹೋಯಿತು. ಇಷ್ಟಾದ ಮೇಲೆ ಆ ಐದು ಮೀಟರಿನದ್ದನ್ನು ಇಟ್ಟುಕೊಳ್ಳೋ ಪ್ರಶ್ನೆಯೇ ಇರಲಿಲ್ಲ. ಇನ್ಯಾರಿಗೂ ಕೊಡಬೇಡ ಅಂತಲೂ ಹೇಳಿದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಟ್ಟಿ ನೋಡಿ ಕೇಬಲನ್ನು ಅಳೆಯೋ ವಿಷಯದಲ್ಲಿ ಡಿಸ್‌ಪ್ಲೇಪೋರ್ಟ್ ಬೇರೆ ಥರ. ಚಿತ್ರ ಬರೋದಕ್ಕೆ ಮೊದಲು ಕಾರ್ಡ್ ಮತ್ತು ಮಾನಿಟರ್ ತಂತಿಯನ್ನು ಓಡಿಸಿ ನೋಡುತ್ತವೆ. ತಪ್ಪು ಜಾಸ್ತಿ ಬಂದರೆ ಒಂದು ಮೆಟ್ಟಿಲು ಕೆಳಗಿನ ವೇಗಕ್ಕೆ ಇಳಿಯುತ್ತವೆ. ಹಾಗಾಗಿ ಕೇಬಲ್ ಕಳಪೆಯಾದರೆ ಪಟ್ಟಿಯಿಂದಲೇ 144 ಮಾಯವಾಗಬಹುದು. ಇವನಿಗೂ ಒಮ್ಮೆ ಹಾಗಾಗಿತ್ತಂತೆ, ಕುರ್ಚಿಯಿಂದ ಎದ್ದು ಬಂದು ನೋಡಿದರೆ 60ರಲ್ಲಿ ನಿಂತಿತ್ತು. ರೀಸ್ಟಾರ್ಟ್ ಮಾಡಿದ, ಸರಿಯಾಯಿತು, ನನಗೆ ಹೇಳಲೇ ಇಲ್ಲ. ಹೇಳಿದ್ದರೆ ಡ್ರೈವರಿನ ಆ ಸಂಜೆ ಉಳಿಯುತ್ತಿತ್ತು.

ಡಬ್ಬ ಬಲಕ್ಕೆ ಬಂತು

ಈಗ ಗೊತ್ತಾಗಿತ್ತು, ಚಿಕ್ಕ ಕೇಬಲ್ ಬೇಕು. ಆದರೆ ಚಿಕ್ಕದು ಎಟಕೋದಿಲ್ಲ. ಗೆಳೆಯ ಮತ್ತೆ ಉದ್ದ ಕೇಬಲ್ ಹುಡುಕೋಕೆ ಶುರು ಮಾಡಿದ. ಉದ್ದಕ್ಕೂ ದಾರಿ ಇಲ್ಲ ಅಂತಲ್ಲ. ಒಳಗೆ ಚಿಪ್ ಇರೋ ಆಕ್ಟಿವ್ ಕೇಬಲ್ ಇವೆ, ಬೆಳಕಿನಲ್ಲಿ ಕಳಿಸೋ ಫೈಬರ್ ಕೇಬಲ್ ಇವೆ. ಫೈಬರಿಗೆ ಕುರ್ಚಿಯ ಗದ್ದಲದ ಹೆದರಿಕೆ ಕಡಿಮೆ, ಹತ್ತಾರು ಮೀಟರ್ ಹೋಗುತ್ತೆ. ಆದರೆ ಅವು ದುಬಾರಿ, ಒಂದೇ ದಿಕ್ಕಿನವು, ಯಾವ ತುದಿ ಕಂಪ್ಯೂಟರಿಗೆ ಅಂತ ನೋಡಿಯೇ ಹಾಕಬೇಕು, ಬಿಗಿಯಾಗಿ ಮಡಚಿದರೆ ಹಾಳಾಗುತ್ತವೆ. ಕಂಪ್ಯೂಟರ್ ಒಂದು ಕೋಣೆ, ಪರದೆ ಇನ್ನೊಂದು ಕೋಣೆ ಅನ್ನುವವರಿಗೆ ಸರಿ. ಒಂದೇ ಮೇಜಿಗೆ ಅದು ಯಾಕೆ?

"ಸಿಪಿಯು ಡಬ್ಬ ಎಡಗಡೆ ಯಾಕೆ ಇಟ್ಟಿದ್ದೀಯ?" ಅಂತ ಕೇಳಿದೆ. ಯೋಚಿಸಿದ. ಉತ್ತರ ಇರಲಿಲ್ಲ. ಹಳೇ ಮೇಜಿನಲ್ಲಿ ಪ್ಲಗ್ ಪಾಯಿಂಟ್ ಎಡಗಡೆ ಇತ್ತು, ಆ ಮೇಜು ಹೋಗಿ ವರ್ಷಗಳಾಗಿವೆ. ಈಗಿನದಕ್ಕೆ ಎರಡೂ ಕಡೆ ಎಕ್ಸ್‌ಟೆನ್ಷನ್ ಬೋರ್ಡ್ ಇದೆ.

ಹತ್ತು ನಿಮಿಷದಲ್ಲಿ ಡಬ್ಬ ಬಲಕ್ಕೆ ಬಂತು. ಒಂದೂವರೆ ಮೀಟರ್ ಎಟಕಿತು, ಆದರೆ ಬಿಗಿಯಾಗಿ. ಮಾನಿಟರನ್ನು ಆರ್ಮ್ ಮೇಲೆ ಲಂಬವಾಗಿ ತಿರುಗಿಸಿದರೆ ಕೇಬಲ್ ತಂಬೂರಿ ತಂತಿಯ ಹಾಗೆ ಎಳೆದುಕೊಳ್ಳುತ್ತಿತ್ತು, ಪ್ಲಗ್ ಓರೆಯಾಗುತ್ತಿತ್ತು. ಉದ್ದನೆಯ ಸ್ಪ್ರೆಡ್‌ಶೀಟಿಗೆ ಆತ ಹಾಗೆ ತಿರುಗಿಸೋದು ದಿನಾ ಇದ್ದದ್ದೇ. ಪೋರ್ಟಿನ ಮೇಲೆ ಆ ಭಾರ ಬೀಳಬಾರದು. ಆದ್ದರಿಂದ ನಾಲ್ಕನೇ ಕೇಬಲ್ ಬಂತು. ಈ ಸಲ ಆರ್ಮನ್ನು ಅತಿ ದೂರಕ್ಕೆ ಚಾಚಿ, ನೂಲಿನಿಂದ ದಾರಿ ಅಳೆದು, ಒಂದು ಗೇಣು ಸಡಿಲ ಸೇರಿಸಿ ನೋಡಿದೆವು. ಎರಡು ಮೀಟರ್. ಮಾಮೂಲು ತಾಮ್ರದ ಡಿಸ್‌ಪ್ಲೇಪೋರ್ಟ್ ಕೇಬಲ್ ಪೂರ್ತಿ ವೇಗದಲ್ಲಿ ನೆಮ್ಮದಿಯಾಗಿ ಓಡೋದು ಹೆಚ್ಚು ಕಡಿಮೆ ಅಷ್ಟು ಉದ್ದಕ್ಕೇ. ಡಿಸ್‌ಪ್ಲೇಪೋರ್ಟಿನ ನಿಯಮ ಮಾಡೋ ವೆಸಾ ಸಂಸ್ಥೆಯ ಪ್ರಮಾಣದ ಗುರುತಿರೋದನ್ನೇ ಆರಿಸಿದೆವು. ನೂಲಿನ ಹೆಣಿಗೆ ಇಲ್ಲ, ಹೊಳೆಯೋ ಅಕ್ಷರ ಇಲ್ಲ. ಕಪ್ಪು, ಸಾದಾ.

ಹಾಕಿ ಕೆಲವು ತಿಂಗಳಾಯಿತು. 144ರಲ್ಲಿ ಓಡುತ್ತಿದೆ. ಕುರ್ಚಿ ಅದೇ. ಶಟ್‌ಡೌನ್ ಆದರೆ ದೀಪ ಆರುತ್ತೆ. ಮಾನಿಟರಿನ ಡಬ್ಬದಲ್ಲಿ ಬಂದದ್ದನ್ನು ಪರೀಕ್ಷೆಗೆ ಅಂತ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದಾನೆ.

ಹಳೇ ಎಚ್‌ಡಿಎಂಐ ಕೇಬಲನ್ನು ಎಸೆಯಲಿಲ್ಲ. ಎಸೆಯಬೇಕಾದರೆ ಅಷ್ಟೂ ಜಿಪ್ ಟೈ ಕತ್ತರಿಸಬೇಕಲ್ಲ, ಅದಕ್ಕೆ ಮನಸ್ಸು ಬರಲಿಲ್ಲ. 1920×1080, 60 ಹರ್ಟ್ಜ್ ಅಂದರೆ ನಾಲ್ಕೂವರೆ ಗಿಗಾಬಿಟ್ ಕೂಡ ಆಗೋದಿಲ್ಲ, ಅದು ಈ ಕೇಬಲಿಗೆ ಎಡಗೈ ಕೆಲಸ. ಹಳೇ 24 ಇಂಚಿನ ಮಾನಿಟರನ್ನು ಅಟ್ಟದಿಂದ ಇಳಿಸಿ ಮೇಜಿನ ಎಡತುದಿಗೆ ಇಟ್ಟ. ಅದೇ ಟ್ರೇ, ಅದೇ ಜಿಪ್ ಟೈ, ಅದೇ ಕೇಬಲ್. ಕಾರ್ಡಿನ ಎಚ್‌ಡಿಎಂಐಗೆ ಒಂದು ತುದಿ, ಹಳೇ ಮಾನಿಟರಿಗೆ ಇನ್ನೊಂದು. ಈಗ ಕುರ್ಚಿಯಿಂದ ಎದ್ದಾಗ ಎರಡು ಪರದೆಯನ್ನೂ ತಿರುಗಿ ನೋಡುತ್ತಾನಂತೆ, ಅಭ್ಯಾಸ ಹೋಗಿಲ್ಲ.